ಚಿಮಟಾ ಹಾಕಿದ ಹಾಡುಗಳು

ನನ್ನ ಗಿಟಾರಿನ ಮೇಲೆ ಈಗ ಟವೆಲ್ ಒಣಗುತ್ತದೆ. ಮೂಲೆಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದೇನೆ. ಅದರ ಕುತ್ತಿಗೆ ಟವೆಲ್ಲಿಗೆಂದೇ ಅಳತೆ ಕೊಟ್ಟು ಮಾಡಿಸಿದಂತಿದೆ. ಅವ್ವ ಇದನ್ನು ಕಂಡು, "ಈಗ ನೋಡ, ಉಪಯೋಗಕ್ಕ ಬಂತು" ಎಂದಳು. ಆ ವಾದ್ಯ ನಮ್ಮ ಮನೆಗೆ ಬಂದು ಹನ್ನೊಂದು ವರ್ಷವಾಯಿತು. ಅದಕ್ಕೆ ಅವ್ವನಿಂದ ಸಿಕ್ಕ ಮೊದಲ ಮೆಚ್ಚುಗೆ ಇದು.

ನನಗೂ ಈಗ ಯಾರಾದರೂ ಗೋಡೆಗೆ ಒರಗಿಸಿ ಟವೆಲ್ ಹಾಕಿಬಿಟ್ಟರೆ ಬೇಡ ಎನ್ನುವುದಿಲ್ಲ. ವಯಸ್ಸು ಬರೀ ಮೂವತ್ತೊಂದು. ಆದರೆ ಈ ಮರಾಠಿ ಊರಿನಲ್ಲಿ ಸ್ವಾರಗೇಟ ಹತ್ತಿರದ ಮನೆಯಿಂದ ಹೊರಟು ಇನ್ನೊಂದು ತುದಿಯ ವಿಮಾನ ನಗರದ ಆಫೀಸು ಮುಟ್ಟುವಷ್ಟರಲ್ಲಿ, ಅದೇ ಹೊತ್ತಿಗೆ ವಿಮಾನ ಹತ್ತಿದವನು ದಿಲ್ಲಿಯಲ್ಲಿ ಇಳಿದು ಚಹಾ ಕುಡಿಯುತ್ತಿರುತ್ತಾನೆ. ಆಫೀಸಿನಲ್ಲಿ ನನ್ನ ಕೆಲಸವೆಂದರೆ ಹೋದ ತಿಂಗಳ ವರದಿಯನ್ನು ಈ ತಿಂಗಳ ವರದಿಯಂತೆ ಕಾಣಿಸುವುದು. ಅದೇ ಮಾತು, ಅದೇ ಚಿತ್ರ, ಬಣ್ಣ ಮಾತ್ರ ಬೇರೆ. ಸಂಜೆ ಮನೆಗೆ ಬಂದು ಬೂಟು ಬಿಚ್ಚುವಾಗ ಬಾಯಿಂದ "ಹೂಂ" ಎಂದು ಒಂದು ಉದ್ದನೆಯ ಉಸಿರು ಬರುತ್ತದೆ. ಅದೂ ನನ್ನದಲ್ಲ, ಅಪ್ಪನದು. ಬಿಡಿಭಾಗಗಳ ಅಂಗಡಿಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ ಅಪ್ಪ ಚಪ್ಪಲಿ ಬಿಡುವಾಗ ಇದೇ ಶ್ರುತಿಯಲ್ಲಿ ಉಸಿರು ಬಿಡುತ್ತಿದ್ದರು. ಅಪ್ಪನಿಗೆ ಅದು ಗದಗಿನ ಅಜ್ಜನಿಂದ ಬಂದದ್ದಂತೆ. ಮೂರು ತಲೆಮಾರಿನ ದಣಿವನ್ನು ಒಂದು ಸ್ವರ ತಪ್ಪದ ಹಾಗೆ ಹಾಡುತ್ತಿದ್ದೇನೆ.

ಬೇರೆಯವರದನ್ನು ಹಾಡುವುದರಲ್ಲಿ ನನಗೆ ಅಭ್ಯಾಸವಿದೆ ಬಿಡಿ. ಒಂದು ಕಾಲದಲ್ಲಿ ನಮ್ಮದೊಂದು ಬ್ಯಾಂಡ್ ಇತ್ತು. ನಾವು ನಾಲ್ಕು ಜನ, ಹನ್ನೊಂದು ಹಾಡು. ಹನ್ನೊಂದೂ ಕವರ್ ಹಾಡುಗಳು, ಅಂದರೆ ಯಾರೋ ಮಹನೀಯರು ಎಂದೋ ಹಾಡಿ ಮುಗಿಸಿದ ಹಳೆಯ ಕನ್ನಡ ಸಿನಿಮಾ ಹಾಡುಗಳು. ನಮ್ಮ ಸ್ವಂತದ್ದೆಂದರೆ ತಪ್ಪುಗಳು ಮಾತ್ರ.

ಹಾಡುವವನು ಗಿರೀಶ. ಇಲ್ಲಿಂದ ಗಾಡಿಯಲ್ಲಿ ಒಂದೂವರೆ ತಾಸಿನ ದೌಂಡದವನು, ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವನು. ಕೀಬೋರ್ಡಿಗೆ ಮೈಸೂರಿನ ಚೇತನ್, ನನ್ನ ಆಫೀಸಿನವನೇ. ತಾಳಕ್ಕೆ ನಿಲೇಶ. ಅವನು ಅಪ್ಪಟ ಮರಾಠಿ ಹುಡುಗ, ಕನ್ನಡದಲ್ಲಿ ಅವನಿಗೆ ಬರುತ್ತಿದ್ದದ್ದು "ಊಟಾ ಆತೇನ್ರಿ" ಒಂದೇ. ಅದನ್ನೇ ಎಲ್ಲ ಕಾರ್ಯಕ್ರಮಗಳಲ್ಲೂ ಮೈಕಿನಲ್ಲಿ ಹೇಳಿ ನಮಗೆಲ್ಲರಿಗಿಂತ ಹೆಚ್ಚು ಚಪ್ಪಾಳೆ ಗಿಟ್ಟಿಸುತ್ತಿದ್ದ. ಗಿಟಾರು ನಾನು, ಪ್ರಮೋದ. ಬ್ಯಾಂಡಿಗೆ 'ಸ್ವಾರಗೇಟ ಎಕ್ಸ್‌ಪ್ರೆಸ್' ಎಂದು ಹೆಸರಿಟ್ಟವನೂ ನಾನೇ. ಸ್ವಾರಗೇಟಿಗೆ ರೈಲೇ ಬರುವುದಿಲ್ಲ, ಅದು ಬಸ್ ಸ್ಟ್ಯಾಂಡು ಎಂದು ಗಿರೀಶ ರೈಲ್ವೆಯವರ ಮಗನಾಗಿ ಗಂಭೀರ ಆಕ್ಷೇಪ ಎತ್ತಿದ್ದ. ಈಗ ಅಲ್ಲಿಗೆ ಮೆಟ್ರೊ ಬಂದಿದೆ. ಬ್ಯಾಂಡ್ ಹೋಗಿದೆ.

ಅಭ್ಯಾಸ ನಡೆಯುತ್ತಿದ್ದದ್ದು ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಗುರುವಾರ ಗಿರಣಿಗೆ ರಜೆ, ಹಾಗಾಗಿ ಗುರುವಾರ ಸಂಜೆ ನಾವು. ನಮ್ಮ ಸಂಗೀತ ಕೇಳಿದ ಮೇಲೆ ಅಕ್ಕಪಕ್ಕದವರು ವಾರದ ಉಳಿದ ಆರು ದಿನದ ಸದ್ದಿನ ಬಗ್ಗೆ ದೂರುವುದನ್ನು ನಿಲ್ಲಿಸಿದ್ದಾರೆ ಎಂದು ಗಿರಣಿಯ ಮಾಲಕರು ನಮಗೆ ಕೃತಜ್ಞರಾಗಿದ್ದರು. ಅಭ್ಯಾಸ ಮುಗಿಸಿ ಇಳಿದು ಬಂದರೆ ನಾಲ್ವರ ಮೈಮೇಲೂ ಜೋಳದ ಹಿಟ್ಟು. ರಸ್ತೆಯ ಮೇಲೆ ನಾಲ್ಕು ಬಿಳಿಯ ದೆವ್ವಗಳು ವಾದ್ಯ ಹೊತ್ತು ವಡಾಪಾವ್ ತಿನ್ನಲು ಹೋಗುತ್ತಿದ್ದವು.

ಇನ್ನು ನನ್ನ ವಿದ್ವತ್ತಿನ ವಿಷಯ. ಗಿಟಾರು ಕಲಿಯುವವರಿಗೆ ಕೆಲವು ಬೆರಳ ಹಿಡಿತಗಳು ಸುಲಭ, ಕೆಲವು ಪ್ರಾಣ ಹಿಂಡುತ್ತವೆ. ನಾನು ಸುಲಭದವನ್ನು ಮಾತ್ರ ಕಲಿತೆ. ಹಾಡಿನ ಶ್ರುತಿ ಅದಕ್ಕೆ ಹೊಂದದಿದ್ದರೆ ಏನು ಮಾಡುವುದು? ಅದಕ್ಕೊಂದು ಉಪಾಯವಿದೆ. ಗಿಟಾರಿನ ಕುತ್ತಿಗೆಗೆ ಒಂದು ಚಿಮಟಾ ಹಾಕುವುದು. ಬಟ್ಟೆಗೆ ಹಾಕುತ್ತೇವಲ್ಲ, ಅದರ ದೊಡ್ಡಣ್ಣ. ಕುತ್ತಿಗೆಯ ಅಡ್ಡಪಟ್ಟಿಗಳ ನಡುವಿನ ಒಂದೊಂದು ಜಾಗವೂ ಒಂದು ಮನೆ. ಎಷ್ಟು ಮನೆ ಮೇಲೆ ಅದನ್ನು ಹಾಕುತ್ತೀರೋ ಶ್ರುತಿ ಅಷ್ಟು ಮನೆ ಏರುತ್ತದೆ, ಬೆರಳುಗಳಿಗೆ ಹೊಸ ಕಷ್ಟವಿಲ್ಲ. ನನ್ನ ಚಿಮಟಾ ಸದಾ ಮೂರನೇ ಮನೆಯಲ್ಲಿರುತ್ತಿತ್ತು. ಹನ್ನೊಂದು ಹಾಡಿಗೂ ಅಲ್ಲೇ. ಎಲ್ಲ ಹಾಡುಗಳೂ ನನ್ನ ಸೌಕರ್ಯಕ್ಕೆ ತಕ್ಕಂತೆ ಒಂದೇ ಜಾಗದಲ್ಲಿ ಕೂರುತ್ತವಲ್ಲ, ಏಕೆ ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ. ಜಗತ್ತು ನನ್ನ ಅನುಕೂಲಕ್ಕಾಗಿಯೇ ರಚನೆಯಾಗಿದೆ ಎಂದು ಇಪ್ಪತ್ತೈದರಲ್ಲಿ ಯಾರಿಗೂ ಅನುಮಾನ ಇರುವುದಿಲ್ಲ.

ಹಾಡುಗಳನ್ನು ಹುಡುಕಿ ಕೊಡುವ ಇಲಾಖೆಯೂ ನನ್ನದೇ. ಅಂತರ್ಜಾಲದಲ್ಲಿ ಹಳೆಯ ಕನ್ನಡ ಹಾಡುಗಳನ್ನೆಲ್ಲ ಹಾಕಿದ ಒಬ್ಬ ಪುಣ್ಯಾತ್ಮನ ಚಾನೆಲ್ ಸಿಕ್ಕಿತ್ತು. ಹಾಡಿಗೊಂದು ಗುಲಾಬಿ ಹೂವಿನ ಚಿತ್ರ, ಹಿಂದೆ ಹಾಡು. ನಮ್ಮ ಗುರುಕುಲ ಅದೇ. ಗುಲಾಬಿಯನ್ನು ನೋಡುತ್ತ ನೋಡುತ್ತ ನಾವು ಹನ್ನೊಂದು ಹಾಡು ಕಲಿತೆವು.

ಗಿರೀಶ ಮಾತ್ರ ಮೊದಲಿನಿಂದಲೂ ಗೊಣಗುತ್ತಿದ್ದ. ಕೊನೆಯ ಚರಣಕ್ಕೆ ಬಂದಾಗ ಅವನ ಕುತ್ತಿಗೆಯ ನರಗಳು ಎದ್ದು ನಿಲ್ಲುತ್ತಿದ್ದವು. "ಭಾಳ ಮ್ಯಾಲ ಆಗತದ ಲೇ ಪಮ್ಯಾ, ಒಂದೆರಡ ಮನೀ ಇಳಸೂಣು" ಎನ್ನುತ್ತಿದ್ದ. ಇಳಿಸಲು ಚಿಮಟಾ ಸರಿಸಿದರೆ ಸಾಕು, ಆದರೆ ಗುಲಾಬಿಯ ಹಾಡು ಜೊತೆಗಿಲ್ಲದೆ ಅಭ್ಯಾಸ ಮಾಡಲು ನನಗೆ ಬರುತ್ತಿರಲಿಲ್ಲ. ಅದನ್ನು ಹೇಳಲು ಅಭಿಮಾನ ಬಿಡುತ್ತದೆಯೇ? ಹಾಗಾಗಿ ನಾನು ದೊಡ್ಡ ಮಾತಾಡುತ್ತಿದ್ದೆ. ಮೂಲ ಹಾಡು ಹೀಗೇ ಇದೆ, ಮೂಲಕ್ಕೆ ಕೈ ಹಚ್ಚುವುದು ಪಾಪ, ಹಿರಿಯರಿಗೆ ಅವಮಾನ. ಪಾಪ, ನಂಬಿದ. ಉಪ್ಪಿನಕಾಯಿ ಬಿಟ್ಟ, ಮೊಸರು ಬಿಟ್ಟ, ಮಿರ್ಚಿ ಭಜಿಯನ್ನೂ ಬಿಟ್ಟ. ಕಿಸೆಯಲ್ಲಿ ಜ್ಯೇಷ್ಠಮಧುವಿನ ಕಡ್ಡಿ ಇಟ್ಟುಕೊಂಡು ಓಡಾಡಿದ. ಬಿಸಿನೀರಿನ ಥರ್ಮಾಸು ಅವನ ಕೊರಳಿನ ತಾಯಿತವಾಯಿತು.

ನಮ್ಮ ಅಜ್ಜ ಹೇಳುತ್ತಿದ್ದ ಒಂದು ಕಥೆ ನೆನಪಾಗುತ್ತದೆ. ಒಬ್ಬ ಗವಾಯಿಗೆ ಒಂದು ರಾಗದ ನಡುವೆ ಒಂದೇ ಜಾಗದಲ್ಲಿ ಕೆಮ್ಮು ಬರುತ್ತಿತ್ತಂತೆ. ಹನ್ನೆರಡು ವರ್ಷ ಸೇವೆ ಮಾಡಿದ ಶಿಷ್ಯ ಆ ಜಾಗಕ್ಕೆ ಬಂದಾಗ ತಪ್ಪದೆ ಕೆಮ್ಮುತ್ತಿದ್ದನಂತೆ. ಶಿಷ್ಯನ ಶಿಷ್ಯನೂ ಕೆಮ್ಮಿದ. ನಾಲ್ಕನೆಯ ತಲೆಮಾರಿಗೆ ಯಾರೋ ಕೆಮ್ಮದೆ ಹಾಡಿದಾಗ, ಇವನಿಗೆ ಪಾಠ ಸರಿಯಾಗಿ ಆಗಿಲ್ಲ ಎಂದು ಕೇಳುವವರು ಎದ್ದು ಹೋದರಂತೆ. ಹಳಬರು ಮಾಡಿದರೆ ಇದಕ್ಕೆ ಪರಂಪರೆ ಎನ್ನುತ್ತಾರೆ, ನಾವು ಮಾಡಿದರೆ ಕವರ್. ವ್ಯತ್ಯಾಸ ಶಾಲಿನದು ಅಷ್ಟೆ ಎಂದು ನಾನು ಆಗ ಹೇಳಿಕೊಂಡು ತಿರುಗುತ್ತಿದ್ದೆ. ಕೆಮ್ಮಿದವರು ಯಾರಿಗಾದರೂ ಗಂಟಲು ಹೋಯಿತೇ ಎಂದು ಕಥೆಯಲ್ಲಿ ಬರುವುದಿಲ್ಲ. ನಾನೂ ಕೇಳಲಿಲ್ಲ.

ನಾಲ್ಕು ವರ್ಷದ ಹಿಂದೆ ಇಲ್ಲಿನ ಕನ್ನಡಿಗರ ಒಂದು ರಾಜ್ಯೋತ್ಸವದ ಕಾರ್ಯಕ್ರಮ. ಮಧ್ಯಾಹ್ನದ ಊಟಕ್ಕೆ ಮುಂಚೆ ನಮ್ಮದು. ಸಭಾಂಗಣ ತುಂಬಿತ್ತು, ಏಕೆಂದರೆ ಹೋಳಿಗೆಯ ವಾಸನೆ ಬರುತ್ತಿತ್ತು. ಗಿರೀಶನ ತಾಯಿ, ನಾವು ಕಾಕು ಎಂದು ಕರೆಯುವವರು, ಮಗನ ಹಾಡು ವೇದಿಕೆಯ ಮೇಲೆ ಕೇಳಬೇಕೆಂದು ಮೊದಲ ಸಲ ದೌಂಡದಿಂದ ಬಂದಿದ್ದರು. ಮೂರನೇ ಸಾಲಿನಲ್ಲಿ ಇಳಕಲ್ ಸೀರೆ ಉಟ್ಟು ಕೂತಿದ್ದರು.

ಕೊನೆಗೆ ನಮ್ಮ ಕಿಟಕಿ ಹಾಡು. ಸಿನಿಮಾದಲ್ಲಿ ನಾಯಕ ಕಿಟಕಿಯ ಕೆಳಗೆ ನಿಂತು ಹಾಡುತ್ತಾನಂತೆ, ಅದಕ್ಕೆ ಆ ಹೆಸರು. ಕೊನೆಯ ಚರಣದ ತುದಿಯ ಸ್ವರಕ್ಕೆ ಗಿರೀಶ ಹೋದ. ಸ್ವರ ಸಿಗಲಿಲ್ಲ. ಗಂಟಲು ಒಡೆದು, ಮುಂಜಾನೆಯ ಕೋಳಿ ಅರ್ಧಕ್ಕೆ ಮನಸ್ಸು ಬದಲಿಸಿದಂಥ ಒಂದು ಸದ್ದು ಬಂತು. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಜನ ಇಂಥದ್ದನ್ನು ಕ್ಷಮಿಸುತ್ತಾರೆ, ಅದರಲ್ಲೂ ಹೋಳಿಗೆಯ ಮುಂದೆ. ಆದರೆ ನನ್ನೆದುರಿಗೂ ಒಂದು ಮೈಕಿತ್ತು. ಮೈಕು ಕಂಡರೆ ನನ್ನ ನಾಲಿಗೆಗೆ ತಡೆಯಿಲ್ಲ. "ಗಾಯಕರು ಒಂದ ನಿಮಿಷ ದೌಂಡಕ್ಕ ಹೋಗಿ ಬರತಾರ್ರಿ, ತಾವು ಕೂತಿರ್ರಿ" ಎಂದೆ.

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನನ್ನ ಜೀವನದಲ್ಲಿ ಅಷ್ಟು ದೊಡ್ಡ ನಗು ನನಗೆ ಮತ್ತೆ ಸಿಕ್ಕಿಲ್ಲ. ಮೂರನೇ ಸಾಲಿನಲ್ಲಿ ಕಾಕು ಕೂಡ ಸೆರಗು ಬಾಯಿಗೆ ಹಿಡಿದು ನಕ್ಕರು. ಆಮೇಲೆ ಮಗನ ಮುಖ ನೋಡಿದರು, ಸೆರಗು ಇಳಿಸಿದರು. ಗಿರೀಶ ಮೈಕನ್ನು ಮೆಲ್ಲಗೆ ಸ್ಟ್ಯಾಂಡಿಗೆ ಸಿಕ್ಕಿಸಿ ಕೆಳಗಿಳಿದ. ಕೊನೆಯ ಚರಣ ಹಾಗೇ ಉಳಿಯಿತು. ಊಟದ ಪಂಕ್ತಿಯಲ್ಲಿ ನಾನು ಸಮಾಧಾನ ಮಾಡಲು ಹೋಗಿ, ಎಲ್ಲರ ಗಂಟಲಿಗೂ ಎಲ್ಲ ಸ್ವರ ಸಿಗುವುದಿಲ್ಲ ಎಂದು ತತ್ವಜ್ಞಾನ ಹೇಳಿದೆ. ಅವನು ತಲೆಯಾಡಿಸಿ ಹೋಳಿಗೆ ತಿಂದ. ಮುಂದಿನ ಗುರುವಾರ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಕೆಲವು ತಿಂಗಳಿಗೆ ದೌಂಡದಲ್ಲೇ ಕೆಲಸ ಹಿಡಿದ, ಮದುವೆಯಾದ. ಮಾತು ಬಿಟ್ಟವನಲ್ಲ, ಹಬ್ಬಕ್ಕೆ ಫೋನು ಮಾಡುತ್ತಿದ್ದ. ಹಾಡಿನ ಮಾತು ಬಂದರೆ ಮಾತ್ರ ಹವಾಮಾನದ ಕಡೆ ಹೊರಳುತ್ತಿದ್ದ.

ಇದಾಗಿ ಎರಡು ವರ್ಷಕ್ಕೆ, ಒಂದು ದಿನ ವಿಮಾನ ನಗರದ ಹತ್ತಿರ ಬಸ್ಸು ಎಂದಿನಂತೆ ಧ್ಯಾನಕ್ಕೆ ಕೂತಿತ್ತು. ಚೇತನ್ ಹಾಕಿಕೊಟ್ಟ ಹೊಸ ಆ್ಯಪಿನಲ್ಲಿ ಕಿಟಕಿ ಹಾಡು ಕೇಳೋಣ ಎಂದು ಕಿವಿಗೆ ಹಚ್ಚಿಕೊಂಡೆ. ಹಾಡು ಆಕಳಿಸುತ್ತ ಬಂತು. ಬ್ಯಾಟರಿ ಇಳಿದಿದೆ ಎಂದುಕೊಂಡೆ, ಇರಲಿಲ್ಲ. ಫೋನು ಆರಿಸಿ ಹಚ್ಚಿದೆ. ಮತ್ತೆ ಅದೇ ನಿಧಾನ, ಅದೇ ತಗ್ಗು ದನಿ, ಸೊಂಟಕ್ಕೆ ಕೈಯಿಟ್ಟು ಆರಾಮಾಗಿ ನಿಂತು ಹಾಡಿದ ಹಾಗೆ. ಮನೆಗೆ ಹೋಗಿ ಗಿಟಾರು ತೆಗೆದು ಚಿಮಟಾ ಬಿಚ್ಚಿ ನುಡಿಸಿದೆ. ಅದೇ ಬೆರಳು, ಅದೇ ಸುಲಭದ ಹಿಡಿತ. ಹಾಡು ಬಂದು ಸರಿಯಾಗಿ ಕೂತಿತು. ಹಾರ್ಮೋನಿಯಂನ ಬಿಳಿ ಒಂದರ ಹಾಡನ್ನು ನಾವು ಕಪ್ಪು ಎರಡರಲ್ಲಿ ಹಾಡಿದ್ದೆವು. ಪೂರಾ ಮೂರು ಮನೆ ಮೇಲೆ.

ಚೇತನ್‌ಗೆ ಕೇಳಿದರೆ ಅವನಿಗೆ ಆಶ್ಚರ್ಯವೇ ಇಲ್ಲ. "ಅಯ್ಯೋ ಗುರು, ಆ ಚಾನೆಲ್‌ನೋರು ಪಿಚ್ ಏರಿಸಿ, ಸ್ಪೀಡ್ ಮಾಡಿ ಹಾಕಿರ್ತಾರೆ. ಇಲ್ಲಾಂದ್ರೆ ಹಾಡಿನ ಹಕ್ಕಿರೋರು ಹಿಡ್ಕೊಂಡು ತೆಗೆಸ್ಬಿಡ್ತಾರೆ. ಎಲ್ರಿಗೂ ಗೊತ್ತಿರೋದೇ" ಎಂದ. ಎಲ್ಲರಲ್ಲಿ ನಾನೂ ಅವನೂ ಅಂದು ಇರಲಿಲ್ಲ, ಅಷ್ಟೆ. ಕಳ್ಳತನ ಗೊತ್ತಾಗದಿರಲಿ ಎಂದು ಯಾರೋ ಹಾಡಿಗೆ ಮೀಸೆ ಅಂಟಿಸಿದ್ದ. ನಾವು ಮೀಸೆಯನ್ನೂ ಭಕ್ತಿಯಿಂದ ಕಲಿತಿದ್ದೆವು. ಕೈ ಹಚ್ಚಿದರೆ ಪಾಪ ಎಂದು ನಾನು ಕಾಪಾಡಿದ ಮೂಲ ಅದು.

ಕೂಡಲೇ ಗಿರೀಶನಿಗೆ ಹೇಳಬೇಕಿತ್ತು. ಹೇಳಲಿಲ್ಲ. ದೀಪಾವಳಿಗೆ ಹೇಳೋಣ ಎಂದುಕೊಂಡೆ, ದೀಪಾವಳಿಯ ಫೋನಿನಲ್ಲಿ ಫರಾಳದ, ಅಂದರೆ ಚಕ್ಕುಲಿ ಉಂಡೆಗಳ ಮಾತಾಯಿತು. ಸಂಕ್ರಾಂತಿಗೆ ಎಂದುಕೊಂಡೆ. ಬೇರೆ ಯಾವ ಗುಟ್ಟನ್ನೂ ಒಂದು ಗಂಟೆ ಹೊಟ್ಟೆಯಲ್ಲಿಟ್ಟುಕೊಳ್ಳದ ನಾನು ಇದನ್ನು ಎರಡು ವರ್ಷ ಹೊತ್ತುಕೊಂಡು ತಿರುಗಿದೆ. ನನಗೆ ಬಂದಿರುವ ದಣಿವಿನಲ್ಲಿ ಅರ್ಧ ಟ್ರಾಫಿಕ್ಕಿನದು. ಉಳಿದದ್ದು ಇದರದ್ದೇ ಇರಬೇಕು.

ಹೋದ ತಿಂಗಳು ಕಾಕು ಫೋನು ಮಾಡಿದರು. ಗಿರೀಶನಿಗೆ ಮಗಳು ಹುಟ್ಟಿದ್ದಾಳೆ, ರವಿವಾರ ತೊಟ್ಟಿಲ ಕಾರ್ಯ, ನೀವು ಹುಡುಗರೆಲ್ಲ ಬರಬೇಕು ಎಂದರು. ಬರತೇವ್ರಿ ಕಾಕು ಎಂದೆ. ಅವರು ಫೋನು ಇಡಲಿಲ್ಲ.

"ಪಮ್ಯಾ, ನಿನ್ನ ಆ ಪೆಟಿಗಿ ತಗೊಂಡ ಬಾ" ಎಂದರು. ಗಿಟಾರಿಗೆ ಅವರು ಪೆಟಿಗೆ ಎನ್ನುತ್ತಾರೆ. "ಅಂವ ಮನ್ಯಾಗ ಬಾಯೇ ತೆಗಿಯವಲ್ಲ. ಕೂಸ ಅತ್ತರ ಎತಗೊಂಡ ಸುಮ್ನ ಅಡ್ಡಾಡತಾನ. ಮೊದಲ ಜಳಕಾ ಮಾಡುಮುಂದೂ ಹಾಡಾಂವಾ. ಅವತ್ತ ನಾನೂ ನಕ್ಕೆ ನೋಡಪಾ, ಅದ ಕುಂತದ ಅವನ ಮನಸಿನ್ಯಾಗ."

ಅವರೂ ಆ ನಗುವನ್ನು ನಾಲ್ಕು ವರ್ಷ ಹೊತ್ತಿದ್ದರು ಎಂದು ನನಗೆ ಗೊತ್ತಿರಲಿಲ್ಲ.

ರವಿವಾರ ಮುಂಜಾನೆ ಟವೆಲ್ ತೆಗೆದು ಗಿಟಾರು ಹೊತ್ತು ದೌಂಡದ ಗಾಡಿ ಹತ್ತಿದೆ. ಚೇತನ್‌ಗೆ ಆಫೀಸಿನ ಕೆಲಸ ಅಂಟಿಕೊಂಡಿತ್ತು, ನಿಲೇಶ ಬಂದ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಅವನ ಮುಂದೆ ತಾಲೀಮು ನಡೆಸಿದೆ. ಒಮ್ಮೆ ತಮಾಷೆಯಾಗಿ, ಒಮ್ಮೆ ಗಂಭೀರವಾಗಿ, ಒಮ್ಮೆ ತಪ್ಪೆಲ್ಲ ಅಂತರ್ಜಾಲದ ಮೇಲೆ ಹಾಕಿ. ಮೂರನೆಯದು ಮುಗಿಯುವಷ್ಟರಲ್ಲಿ ನಿಲೇಶ ಕಣ್ಣು ಮುಚ್ಚಿಕೊಂಡು, "ಸಾಂಗೂನ್ ಟಾಕ್ ರೇ" ಎಂದ. ಹೇಳಿ ಮುಗಿಸಿಬಿಡೋ ಎಂದು. ಆಮೇಲೆ ದೌಂಡದವರೆಗೆ ನಿದ್ದೆ ಹೊಡೆದ.

ಮನೆ ತುಂಬ ಹೆಂಗಸರು. ನಡುಮನೆಯಲ್ಲಿ ತೊಟ್ಟಿಲು, ಅದಕ್ಕೆ ಹೂವಿನ ಸರ. ಮೊದಲು ರುಬ್ಬುವ ಗುಂಡುಕಲ್ಲಿಗೆ ಕುಂಚಿಗೆ, ಅಂದರೆ ಕೂಸಿನ ಟೊಪ್ಪಿಗೆ, ಕಟ್ಟಿ ತೊಟ್ಟಿಲಲ್ಲಿ ಮಲಗಿಸಿದರು. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಅಂದರೆ ನಮ್ಮಲ್ಲಿ ಕೂಸಿಗಿಂತ ಮೊದಲು ಕೂಸಿನ ಕವರ್ ತೊಟ್ಟಿಲು ಏರುತ್ತದೆ. ಆಮೇಲೆ ನಿಜವಾದ ಕೂಸನ್ನು ತೊಟ್ಟಿಲ ಕೆಳಗೆ, ಮೇಲೆ ದಾಟಿಸಿದರು. ಗಿರೀಶನ ತಂಗಿ ಸುಜಾತಾ ಸೋದರತ್ತೆಯಾಗಿ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಉಳಿದವರು ಗುದ್ದಬೇಕು, ಅದು ಪದ್ಧತಿ. ಗುದ್ದಿದರು, ಭರ್ತಿಯಾಗಿಯೇ ಗುದ್ದಿದರು. ಕೂಸಿಗೆ ಶ್ರಾವಣಿ ಎಂದು ಹೆಸರಾಯಿತು.

ಗಿರೀಶ ಬಾಗಿಲಲ್ಲಿ ನಿಂತು ಎಲ್ಲರಿಗೂ ಗುಗ್ಗರಿ ಹಂಚುತ್ತಿದ್ದ. ಸ್ವಲ್ಪ ದಪ್ಪಗಾಗಿದ್ದ. ಕಾಕು ನನ್ನ ಕಡೆ ನೋಡಿ, ಹುಡುಗರು ಒಂದು ಹಾಡು ಹಾಡಲಿ ಎಂದರು. ಗಿರೀಶ ಗುಗ್ಗರಿಯ ಬುಟ್ಟಿಯಿಂದ ತಲೆ ಎತ್ತಲಿಲ್ಲ. ಪ್ರಮೋದ ನುಡಿಸಲಿ, ನೀವು ಹೆಣ್ಣುಮಕ್ಕಳು ಹಾಡ್ರಿ ಎಂದ.

ತಾಲೀಮಿನ ಮೂರು ಪಾಠವೂ ಆ ಗಳಿಗೆಗೆ ಮರೆತುಹೋದವು. ಎದ್ದು ಹೋಗಿ ಅವನ ಹೆಗಲು ಹಿಡಿದು, ಸುಜಾತಾ ಮಾಡಿದಂತೆಯೇ ಬಗ್ಗಿ, ಕಿವಿಯಲ್ಲಿ ಹೇಳಿದೆ. "ಗಿರ್ಯಾ, ನಿನ್ನ ಗಂಟಲದ್ದ ತಪ್ಪಲ್ಲ. ನಾ ಕೊಟ್ಟ ಹಾಡಽ ಮೂರ ಮನೀ ಮ್ಯಾಲಿತ್ತು. ಮೂಲ ಹಾಡ ತೆಳಗ ಅದ. ಎರಡ ವರ್ಷದಿಂದ ಗೊತ್ತದ ನನಗ, ಹೇಳಲಿಲ್ಲ. ಅವತ್ತ ಮೈಕಿನ್ಯಾಗ ಅಂದದ್ದೂ ತಪ್ಪಾತು."

ಅವನು ಗುಗ್ಗರಿಯ ಬುಟ್ಟಿಯನ್ನು ಜೋಪಾನವಾಗಿ ಕೆಳಗಿಟ್ಟ. ಆಮೇಲೆ ನನ್ನ ಬೆನ್ನಿಗೆ ಒಂದು ಗುದ್ದು ಹಾಕಿದ. ಪದ್ಧತಿಯ ಗುದ್ದಲ್ಲ ಅದು, ನಾಲ್ಕು ವರ್ಷದ ಉಪ್ಪಿನಕಾಯಿಯ ಗುದ್ದು. ನನ್ನೊಳಗಿದ್ದ ಗಾಳಿಯೆಲ್ಲ ಹೊರಬಂತು. ಹೆಂಗಸರೆಲ್ಲ ನಕ್ಕರು. ಇದೂ ಒಂದು ನಾಮಕರಣ ಎಂದುಕೊಂಡರು.

"ಇವರಿಗೇನ ಹೆಸರಿಟ್ಯೋ ಅಣ್ಣಾ?" ಎಂದಳು ಸುಜಾತಾ.

"ಹೆಣ್ಮಕ್ಕಳ ಮುಂದ ಹೇಳೂ ಹಂಥಾದ್ದಲ್ಲ" ಎಂದ ಗಿರೀಶ. ಎರಡನೇ ಗುದ್ದು ಹಾಕಿ, ತೊಟ್ಟಿಲ ಪಕ್ಕ ಕೂತ. ಆಮೇಲೆ ನನ್ನ ಗಿಟಾರಿನ ಕಡೆ ಕೈ ತೋರಿಸಿ ಹೇಳಿದ.

"ಚಿಮಟಾ ತೆಗಿ."

ತೆಗೆದೆ. ನಿಲೇಶ ಒಂದು ಸ್ಟೀಲಿನ ಡಬ್ಬಿ ಬೋರಲು ಹಾಕಿಕೊಂಡು ತೊಡೆಯ ಮೇಲಿಟ್ಟುಕೊಂಡ. ಕಿಟಕಿ ಹಾಡು ಶುರುವಾಯಿತು, ನಿಧಾನವಾಗಿ, ಊಟವಾದ ಮೇಲೆ ಅಂಗಳದಲ್ಲಿ ಅಡ್ಡಾಡುವವರ ಹಾಗೆ. ಗಿರೀಶನ ದನಿ ಮೊದಲು ಬಾಗಿಲ ಮರೆಯಲ್ಲಿ ನಿಂತು, ಆಮೇಲೆ ಹೊರಗೆ ಬಂತು. ಇಷ್ಟು ವರ್ಷ ಅವನ ಜೊತೆ ನುಡಿಸಿದ್ದೆ, ಅವನ ದನಿ ಹೀಗಿದೆ ಎಂದು ನನಗೆ ಗೊತ್ತಿರಲಿಲ್ಲ. ಅದರಲ್ಲಿ ಜಾಗವಿತ್ತು, ನಾಲ್ಕು ಜನ ಕಾಲು ಚಾಚಿ ಕೂರಬಹುದಾದಷ್ಟು. ಕುತ್ತಿಗೆಯ ನರ ಒಂದೂ ಏಳಲಿಲ್ಲ. ಕಾಕು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತ ಕೂತಿದ್ದರು.

ಕೊನೆಯ ಚರಣ ಬಂತು. ತುದಿಯ ಸ್ವರ.

ಅಲ್ಲೇ ಒಡೆಯಿತು.

ಹೌದು, ಅದೇ ಜಾಗದಲ್ಲಿ, ಮೂರು ಮನೆ ಕೆಳಗಿದ್ದರೂ. ಸಣ್ಣಗೆ, ಬಟ್ಟಲು ಬಿರುಕು ಬಿಟ್ಟಷ್ಟು. ನಾನು ಎರಡು ವರ್ಷ ಹೊತ್ತು ತಂದ ಮಹಾಸತ್ಯ ಎಲ್ಲರ ಮುಂದೆ ಅರ್ಧ ಸುಳ್ಳಾಯಿತು. ಯಾರೂ ನಗಲಿಲ್ಲ. ಈ ಸಲ ನಾನು ನಾಲಿಗೆ ಬಿಟ್ಟು ಬೆರಳು ಆಡಿಸಿದೆ, ಮುಂದಿನ ಸಾಲಿಗೆ ಎತ್ತಿಕೊಟ್ಟೆ. ಗಿರೀಶ ಒಂದು ಉಸಿರು ತೆಗೆದುಕೊಂಡು, ತೊಟ್ಟಿಲ ಹಗ್ಗ ಒಂದು ಸಲ ಜಗ್ಗಿ, ಮುಂದಿನ ಸಾಲು ಹಾಡಿದ. ಅದರ ಮುಂದಿನದೂ ಹಾಡಿದ. ಚರಣ ಮುಗಿಸಿ ಪಲ್ಲವಿಗೆ ಬಂದು ನಿಂತ.

"ಮೊದಲ ಭಾಳ ಅವಸರದಾಗ ಹಾಡತಿದ್ರಿ ನೀವು" ಎಂದರು ಕಾಕು. "ಗಾಡಿ ತಪ್ಪತದ ಅನ್ನೋರಗತೆ."

ಕೂಸು ಮಲಗಿರಲಿಲ್ಲ. ಅದು ಕಣ್ಣು ಬಿಟ್ಟುಕೊಂಡು ಅಪ್ಪನ ಬಾಯಿಯನ್ನೇ ನೋಡುತ್ತಿತ್ತು. ಅದಕ್ಕೆ ಮೂಲ ಹಾಡು ಗೊತ್ತಿಲ್ಲ. ಸಿನಿಮಾ, ಗುಲಾಬಿ ಹೂವಿನ ಚಾನೆಲ್, ಬಿಳಿ ಒಂದು, ಕಪ್ಪು ಎರಡು ಯಾವುದೂ ಗೊತ್ತಿಲ್ಲ. ಅದರ ಲೆಕ್ಕದಲ್ಲಿ ಈ ಹಾಡನ್ನು ಮೊದಲು ಹಾಡಿದವನು ಅದರ ಅಪ್ಪ. ಕೊನೆಯ ಚರಣದಲ್ಲಿ ಗಂಟಲು ಒಡೆಯುವುದು ಹಾಡಿನದೇ ಒಂದು ಭಾಗ. ನಾಳೆ ದೊಡ್ಡವಳಾಗಿ ಹಾಡಿದರೆ ಅಲ್ಲಿ ಬೇಕೆಂದೇ ಒಡೆದಾಳು.

ಹಿಂದಿರುಗುವಾಗ ಗಾಡಿಯಲ್ಲಿ ಕೂತ ಮೇಲೆ ನೋಡಿದರೆ ಚಿಮಟಾ ಇರಲಿಲ್ಲ. ಕಾಕುಗೆ ಫೋನು ಮಾಡಿದೆ. ತೊಟ್ಟಿಲ ಸೊಳ್ಳೆಪರದೆ ಗಾಳಿಗೆ ಹಾರುತ್ತಿತ್ತಂತೆ, ಕಾಕು ಅದನ್ನು ಪರದೆಗೆ ಹಾಕಿಕೊಂಡಿದ್ದಾರೆ. ಬೇಕೇನಪಾ ಎಂದು ಕೇಳಿದರು. ಹಿಂದೆ ಎಲ್ಲೋ ಸ್ನಾನದ ಮನೆಯ ಬಕೆಟ್ಟಿನ ಸದ್ದು, ಅದರ ಮೇಲೆ ಹಾಡುವ ಒಂದು ದನಿ ಕೇಳಿಸುತ್ತಿತ್ತು. ಬ್ಯಾಡ್ರಿ ಕಾಕು, ಅಲ್ಲೇ ಇರಲಿ ಎಂದೆ.